ಅರ್ಜಿಯಲ್ಲಿ ಮೊದಲ ಹೆಸರು

ಜನವರಿ 8, ಸೋಮವಾರ

ಅಂಗಡಿ ಬಾಗಿಲು ತೆರೆದದ್ದೇ ತಡ, ಬೆನ್ನುನೋವಿನ ಗಿರಾಕಿ ಹಾಜರು. ಹಾಸಿಗೆ ಗಟ್ಟಿ ಇರಬೇಕಂತೆ, ಮೆತ್ತಗೂ ಇರಬೇಕಂತೆ. ಓರಗಿತ್ತಿ ತಲೆಯೆತ್ತದೆಯೇ, ನೆಲದ ಮೇಲೆ ಮಲಗಿ ಹೆಂಡತಿ ಕೈಲಿ ಬೆನ್ನು ಒತ್ತಿಸಿಕೊಳ್ಳಿ, ಎರಡೂ ಸಿಗುತ್ತದೆ ಎಂದಳು. ಪುಣ್ಯಾತ್ಮ ನಕ್ಕು ಮುಂಗಡ ಕೊಟ್ಟು ಹೋದ. ಇವಳ ಬಾಯಿಗೆ ಗಿರಾಕಿಗಳು ಇನ್ನೂ ಉಳಿದಿರುವುದೇ ದೊಡ್ಡದು.

ಇವಳು ನನ್ನ ಮೈದುನನ ಹೆಂಡತಿ. ಅಣ್ಣ-ತಮ್ಮ ಒಬ್ಬರ ಹಿಂದೊಬ್ಬರು ತೀರಿಹೋದ ಮೇಲೆ ಅಂಗಡಿ ನಮ್ಮಿಬ್ಬರ ಪಾಲಿಗೆ ಬಂತು. ಅರ್ಧ ಅವಳದು, ಅರ್ಧ ನನ್ನದು. ಅವಳು ಅರಳೆ ಹಿಂಜಿ ತುಂಬುತ್ತಾಳೆ, ನಾನು ದಬ್ಬಳ ಹಿಡಿದು ಹೊಲಿಯುತ್ತೇನೆ. ಹಿಂದಿನ ಎರಡು ಕೋಣೆಯಲ್ಲಿ ವಾಸ... ಗೊತ್ತಿರುವುದನ್ನೇ ಯಾಕೆ ಬರೆಯುತ್ತಿದ್ದೇನೋ. ನೆಂಟರಿಗೆಲ್ಲ ಕಾಗದ ಬರೆದು ಬರೆದು ಕೈಗೆ ಅದೇ ಅಭ್ಯಾಸ. ಯಾರಿಗೋ ಹೇಳುವ ಹಾಗೆಯೇ ಪೆನ್ನು ಓಡುತ್ತದೆ.

ಮಧ್ಯಾಹ್ನ ಅಳಿಯಂದಿರು ಬಂದರು. ಪಕ್ಕದ ಕಟ್ಟಡ ಕೊಂಡವರು ನಮ್ಮ ಜಾಗಕ್ಕೂ ಬೆಲೆ ಕಟ್ಟಿದ್ದಾರೆ. ಕೇಳಿ ನನ್ನ ಕಿವಿ ಬೆಚ್ಚಗಾಯಿತು. ಅಳಿಯಂದಿರ ತಲೆ ಆಗಲೇ ಸಮುದ್ರ ದಾಟಿತ್ತು. ಹೊರದೇಶದಲ್ಲಿ ದುಡ್ಡು ಹೂಡಿದರೆ ಮನೆಮಂದಿಗೆಲ್ಲ ಅಲ್ಲಿ ಕಾಯಂ ಆಗಿ ಇರಲು ಪರವಾನಗಿ ಕೊಡುತ್ತಾರಂತೆ. ಪಿ.ಆರ್. ಎನ್ನುತ್ತಾರೆ. ಇಲ್ಲಿ ಅವರ ಕೆಲಸ ವರ್ಷ ವರ್ಷವೂ ಕಾಂಟ್ರಾಕ್ಟು. ಪ್ರತಿ ಬೇಸಿಗೆಯಲ್ಲೂ ಅದು ಮುಗಿಯುವ ಹೊತ್ತಿಗೆ ಮಗಳ ಮುಖ ಸಣ್ಣದಾಗುತ್ತದೆ. ಮೊಮ್ಮಗಳಿಗಾದರೂ ಇನ್ನೊಂದು ಬಾಗಿಲು ಇರಲಿ ಅತ್ತೆ ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಜನವರಿ 15

ಸಲಹೆಗಾರನ ಆಫೀಸು. ಗಾಜಿನ ಬಾಗಿಲು, ತಣ್ಣನೆ ಗಾಳಿ. ಕೂತರೆ ಏಳಲು ಯಾರಾದರೂ ಕೈ ಕೊಡಬೇಕು, ಅಂಥ ಸೋಫಾ. ಹುಡುಗ ಟೈ ಕಟ್ಟಿದ್ದಾನೆ, ಮಾತು ಬೆಣ್ಣೆ.

ಮೂರು ದೇಶ ತೋರಿಸಿದ. ಒಂದರಲ್ಲಿ ಮನೆ ಕೊಳ್ಳಬೇಕು. ಇನ್ನೊಂದರಲ್ಲಿ ಫಂಡಿಗೆ ದುಡ್ಡು ಹಾಕಬೇಕು. ಮೂರನೆಯದರಲ್ಲಿ ವ್ಯಾಪಾರ ತೆರೆಯಬೇಕು. ಆ ಹೆಸರುಗಳು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಮನೆ ದೇಶ, ಫಂಡ್ ದೇಶ, ಅಂಗಡಿ ದೇಶ ಎಂದೆ. ಸ್ವಲ್ಪ ಹೊತ್ತಿಗೆ ಟೈ ಹುಡುಗನೂ ಹಾಗೆಯೇ ಅನ್ನತೊಡಗಿದ.

ಎಲ್ಲ ಕಡೆಯೂ ಅರ್ಜಿಯಲ್ಲಿ ಒಬ್ಬರು ಮುಖ್ಯ, ಉಳಿದವರು ಅವರ ಅವಲಂಬಿತರು. ಯಾರನ್ನು ಮುಖ್ಯ ಮಾಡೋಣ ಎಂದು ಕೇಳಿದ. ಅಮ್ಮ ತಮ್ಮ ದುಡ್ಡನ್ನು ಮಗಳಿಗೆ ದಾನಪತ್ರ ಮಾಡಿಕೊಟ್ಟರೆ ಮಗಳೇ ಮುಖ್ಯ ಆಗಬಹುದು, ಅಮ್ಮ ಅವಲಂಬಿತೆ ಎಂದು ಸೇರುತ್ತಾರೆ ಎಂದ. ಅಳಿಯಂದಿರಿಗೆ ಮೂಗಿನ ತುದಿ ಕೆಂಪಾಯಿತು.

"ಇವರ ದುಡ್ಡಲ್ಲಿ ಹೋಗ್ತಾ ಇವರನ್ನೇ ಅವಲಂಬಿತೆ ಅಂತ ಬರೆಯೋದಾ? ಮನೆಗೆ ದೊಡ್ಡವರು ಅವರು. ಮದುವೆ ಕಾಗದದಲ್ಲೂ ಮೇಲೆ ಅವರ ಹೆಸರೇ ಹಾಕ್ಸಿದ್ದು."

ಮುಖ್ಯ ಅರ್ಜಿದಾರರಿಗೆ ರೂಲ್ಸ್ ಸ್ವಲ್ಪ ಜಾಸ್ತಿ ಸರ್ ಎಂದ ಹುಡುಗ. ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ ಎಂದುಬಿಟ್ಟರು.

ಸುಳ್ಳು ಯಾಕೆ ಬರೆಯಲಿ. ಖುಷಿಯಾಯಿತು. ಶಾಲೆಯ ಮೆಟ್ಟಿಲು ಹತ್ತದವಳು, ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತವಳು. ಒಂದು ದೇಶದ ಸರ್ಕಾರ ನನ್ನ ಹೆಸರು ಮೊದಲು ಓದುತ್ತದೆ. ಸೆರಗು ಸರಿಮಾಡಿಕೊಂಡು ಕೂತೆ.

ಜನವರಿ 17

ಓರಗಿತ್ತಿ ಅರ್ಜಿಯಲ್ಲಿ ನನ್ನದು ಯಾವ ಖಾನೆ ಎಂದು ಕೇಳಿದಳು. ತಮಾಷೆಗೇ ಕೇಳಿದ್ದು. ಆದರೂ ಫೋನು ಮಾಡಿಸಿದೆ.

ಟೈ ಹುಡುಗನಿಗೆ ಓರಗಿತ್ತಿಯನ್ನು ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ತಂಗಿಯಾ? ಅಲ್ಲ. ನಾದಿನಿಯಾ? ಅಲ್ಲಪ್ಪ. ಗಂಡನ ತಮ್ಮನ ಹೆಂಡತಿ. ಆ ತಮ್ಮ ಎಲ್ಲಿ? ಇಲ್ಲ. ನಿಮ್ಮ ಗಂಡ? ಅವರೂ ಇಲ್ಲ. ಹಾಗಾದರೆ ಸಂಬಂಧ ಏನೂ ಇಲ್ಲ ಮೇಡಂ ಎಂದ. ಯಾವ ದೇಶದಲ್ಲೂ ಇಲ್ಲವಂತೆ.

ಸ್ಪೀಕರಿನಲ್ಲಿ ಅವಳಿಗೂ ಕೇಳಿಸಿತು. ಅರಳೆ ಕೊಡವುತ್ತಾ, "ಇಷ್ಟು ವರ್ಷ ಜಗಳ ಆಡಿದ್ದು ಯಾರ ಜೊತೆಗೆ ಹಾಗಾದ್ರೆ? ಗೋಡೆ ಜೊತೆಗಾ?" ಎಂದಳು. ನಕ್ಕೆವು.

ಜನವರಿ 25

ನನಗೊಂದು ಉಪಾಯ ಹೊಳೆದಿತ್ತು. ಅಂಗಡಿ ದೇಶದಲ್ಲಿ ಹಾಸಿಗೆ ಅಂಗಡಿಯನ್ನೇ ತೆರೆದರೆ? ಇವಳನ್ನೇ ಕೆಲಸಕ್ಕೆ ಇಟ್ಟುಕೊಂಡರೆ? ಎರಡು ದಿನ ಅದೇ ಗುಂಗು. ಸಂಬಳ ಎಷ್ಟು ಕೇಳ್ತೀಯ ಎಂದರೆ, ಯಜಮಾನಿ ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಸಂಬಳ ಸಾಕು ಎಂದಳು.

ಇವತ್ತು ಹುಡುಗ ತಣ್ಣೀರು ಎರಚಿದ. ಕೆಲಸ ಅಲ್ಲಿನ ಪ್ರಜೆಗಳಿಗೇ ಕೊಡಬೇಕು. ಅಂಗಡಿ ದೇಶ ಮುಗಿಯಿತು.

ಫೆಬ್ರವರಿ 2

ಉಳಿದದ್ದು ಎರಡು.

ಫಂಡ್ ದೇಶದಲ್ಲಿ ದುಡ್ಡು ಹಾಕಿದರೆ ಆಯಿತು. ಯಾರೂ ಅಲ್ಲಿ ಹೋಗಿ ಕೂರಬೇಕಾಗಿಲ್ಲ. ಬೇಕಾದಾಗ ಹೋಗು, ಬೇಕಾದಾಗ ಬಾ. ಆದರೆ ನನ್ನ ಪಾಲು ಅದಕ್ಕೆ ಸಾಲದು. ಇಡೀ ಅಂಗಡಿಯೇ ಬೇಕು. ಮನೆ ದೇಶಕ್ಕೆ ನನ್ನ ಅರ್ಧ ಸಾಕು. ಐದು ವರ್ಷ ಮನೆ ಮಾರುವ ಹಾಗಿಲ್ಲ. ಮನೆಯಲ್ಲಿ ವಾಸ ಇರಬೇಕು. ಅಷ್ಟೇ ತಾನೆ, ನಾಲ್ಕು ಜನ ಇದ್ದೇವೆ, ಯಾರಾದರೊಬ್ಬರು ದೀಪ ಹಚ್ಚಿಕೊಂಡಿದ್ದರೆ ಆಯಿತು ಎಂದರು ಅಳಿಯಂದಿರು. ನಾನೂ ಹಾಗೆಯೇ ತಿಳಿದೆ. ಮನೆ ಎಂದರೆ ಹಾಗೆಯೇ ಅಲ್ಲವೇ.

ಟೀ ಲೋಟ ಕೆಳಗಿಡುತ್ತಾ ಓರಗಿತ್ತಿ ಹೇಳಿದಳು — ನನ್ನದನ್ನೂ ಹಾಕು ಅಕ್ಕ. ಫಂಡ್ ದೇಶವೇ ಆಗಲಿ.

ಬೈದೆ. ಇಳಿವಯಸ್ಸಿನಲ್ಲಿ ಇವಳನ್ನು ಬರಿಗೈ ಮಾಡಿ ನಾನು ವಿಮಾನ ಹತ್ತಬೇಕೆ? ಜನ ಏನಂದಾರು? ಅವಳ ಪಾಲಿನಲ್ಲಿ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಕೊಳ್ಳೋಣ, ಮುಂಭಾಗದಲ್ಲಿ ಮಷೀನು ಹಾಕಿಕೊಳ್ಳಲಿ ಎಂದೆ. ನಾನು ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ.

ಅವಳು ಲೋಟ ತೊಳೆಯಲು ಎದ್ದಳು. ಅದರಲ್ಲಿ ಇನ್ನೂ ಟೀ ಇತ್ತು.

ಫೆಬ್ರವರಿ 21

ಅಂಗಡಿ ಮಾರಾಟಕ್ಕೂ ಮನೆ ದೇಶದ ಅರ್ಜಿಗೂ ಸಹಿ ಆಯಿತು. ಎಷ್ಟು ಕಡೆ ಎಂದರೆ ಕೊನೆಕೊನೆಗೆ ನನ್ನ ಹೆಸರು ನನಗೇ ಗುರುತು ಸಿಗದ ಹಾಗೆ. ಮನೆಯ ಫೋಟೋ ತೋರಿಸಿದರು. ಮೂರನೆಯ ಮಹಡಿ, ಬಿಳಿ ಗೋಡೆ. ಒಳ್ಳೆಯ ಬೆಳಕು. ಒಂದೂ ಹಾಸಿಗೆ ಇಲ್ಲ.

ಮೇ 13, ಸೋಮವಾರ

ಮೂರು ತಿಂಗಳು ಬರೆಯಲಿಲ್ಲ. ಅಂಗಡಿ ಬಿಟ್ಟುಕೊಟ್ಟೆವು, ಇವಳ ಸಾಮಾನು ಹಿಂದಿನ ಬೀದಿಗೆ ಸಾಗಿಸಿದೆವು. ಬರೆಯುವಷ್ಟು ಹೊತ್ತು ಕೂರುವುದೇ ಆಗಲಿಲ್ಲ.

ಇವತ್ತು ಮಂಜೂರಾತಿ ಬಂತು. ಮಗಳು ಸಿಹಿ ಹಂಚಿದಳು. ಟೈ ಹುಡುಗ ಷರತ್ತುಗಳನ್ನು ಓದಿ ಹೇಳುತ್ತಿದ್ದ, ನಾವು ಬಾಯಿ ಆಡಿಸುತ್ತಾ ಕೇಳುತ್ತಿದ್ದೆವು. ಒಂದು ಕಡೆ ಅಳಿಯಂದಿರು ನಿಲ್ಲಿಸಿ ಮತ್ತೆ ಓದಿಸಿದರು.

ವಾಸ ಇರಬೇಕಾದದ್ದು ಮುಖ್ಯ ಅರ್ಜಿದಾರರು. ಅಂದರೆ ನಾನು. ವರ್ಷಕ್ಕೆ ಕೆಲವು ವಾರ ಬಿಟ್ಟರೆ ಹೊರಗೆ ಹೋಗುವ ಹಾಗಿಲ್ಲ. ಐದು ವರ್ಷ. ನಡುವೆ ತಪ್ಪಿದರೆ ನಾಲ್ವರ ಪಿ.ಆರ್. ಕಾರ್ಡೂ ರದ್ದು.

ಮತ್ತೆ ನಾವು? — ಅಳಿಯಂದಿರು ಕೇಳಿದರು. ಅವಲಂಬಿತರು ಬಂದು ಹೋಗಿ ಮಾಡಬಹುದು ಸರ್, ತೊಂದರೆ ಇಲ್ಲ.

ಹೆಸರು ಬದಲಾಯಿಸಲು? ಆಗುವುದಿಲ್ಲ. ಹೊಸ ಅರ್ಜಿ, ಹೊಸ ದುಡ್ಡು. ಹೂಡಿದ್ದು ಹೂಡಿದ ಕಡೆಯೇ ಐದು ವರ್ಷ.

ನನ್ನ ಬಾಯಲ್ಲಿ ಸಿಹಿ ಹಾಗೆಯೇ ಇತ್ತು. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಮೇ 16

ಅಳಿಯಂದಿರು ಕಣ್ಣಿಗೆ ಕಣ್ಣು ಸೇರಿಸುತ್ತಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ. ನಾನು ಸ್ಟೂಲು ಹತ್ತಿದರೆ ಓಡಿ ಬರುತ್ತಾರೆ. ಬೆಳಿಗ್ಗೆ ಎದ್ದರೆ ಬಿ.ಪಿ. ಮಷೀನು. ಅತ್ತೆ ಉಪ್ಪು ಕಮ್ಮಿ, ಅತ್ತೆ ಮೆಟ್ಟಿಲು ಬೇಡ. ನಾನು ಕಣ್ಣು ಮುಚ್ಚಿದರೆ ಕಾರ್ಡಿನ ಗತಿ ಏನು ಎಂದು ಹುಡುಗನನ್ನು ಕೇಳಿದರೋ ಏನೋ. ನಾನಂತೂ ಕೇಳಲು ಹೋಗಲಿಲ್ಲ.

ಒಳ್ಳೆಯ ಮನುಷ್ಯ. ಮರ್ಯಾದೆ ಕೊಡಲು ಹೋಗಿ ಹೀಗಾಯಿತು. ಬೈಯೋಣವೆಂದರೆ ಎಲ್ಲಿಂದ ಶುರುಮಾಡುವುದು?

ಜೂನ್ 4

ಓರಗಿತ್ತಿಗೆ ನಾನೇ ಹೋಗಿ ಹೇಳಿದೆ. ಹೊಸ ಕೋಣೆಯಲ್ಲಿ ಮಷೀನು ಕೂರಿಸುತ್ತಿದ್ದಳು. ಕೆಳಗೆ ರಟ್ಟು ಕೊಟ್ಟು ಅಲುಗಾಡದ ಹಾಗೆ ಮಾಡುತ್ತಿದ್ದಳು. ಕೇಳಿಸಿಕೊಂಡು ಇನ್ನೊಂದು ತುಂಡು ರಟ್ಟು ಮಡಚಿದಳು.

ಐದು ವರ್ಷ ಏನು ಮಹಾ, ವರ್ಷಕ್ಕೊಮ್ಮೆ ಬರುತ್ತೇನಲ್ಲ ಎಂದೆ. ನಾನೇ ಸಮಾಧಾನ ಹೇಳುತ್ತಿದ್ದೆ, ನನಗೇ ನಂಬಿಕೆ ಇರಲಿಲ್ಲ.

"ನನ್ನ ಪಾಲು ತಗೊಂಡಿದ್ರೆ ನೀನು ಬಂದು ಹೋಗಿ ಮಾಡ್ಕೊಂಡಿರ್ತಿದ್ದೆ" ಎಂದಳು. ದನಿ ಏರಿಸಲಿಲ್ಲ. "ಬಾಡಿಗೆ ರೂಮಲ್ಲಿ ಇರ್ತಿದ್ವಿ ಇಬ್ರೂ. ಅಷ್ಟೇ ತಾನೆ ಆಗ್ತಿದ್ದದ್ದು. ನೀನು ಒಂದು ಮಾತೂ ಕೇಳ್ಲಿಲ್ಲ. ನಿನ್ನ ಅಳಿಯ ನಿನಗೆ ಮರ್ಯಾದೆ ಕೊಟ್ಟ. ನೀನು ನನಗೆ ಮರ್ಯಾದೆ ಕೊಟ್ಟೆ. ಯಾರು ಕೇಳಿದ್ರು ನಿಮ್ಮ ಮರ್ಯಾದೆನ?"

ಮಷೀನಿನ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಎತ್ತಿ ಇಟ್ಟೆವು. ಇನ್ನೂ ಅಲುಗುತ್ತಿತ್ತು.

ಜೂನ್ 30

ನಾಳೆ ವಿಮಾನ. ಅವಳು ಬೀಳ್ಕೊಡಲು ಬರುವುದಿಲ್ಲವಂತೆ, ಗಿರಾಕಿಗೆ ಹಾಸಿಗೆ ಕೊಡಬೇಕಾಗಿದೆಯಂತೆ. ಯಾವ ಗಿರಾಕಿ ಎಂದು ಕೇಳಲಿಲ್ಲ.

ಮಾರ್ಚ್ 9, ಭಾನುವಾರ

ಇಲ್ಲಿ ಬಂದು ಎಂಟು ತಿಂಗಳಾಯಿತು, ಬರೆಯುವುದೇ ಬಿಟ್ಟುಹೋಗಿತ್ತು. ಬರೆಯಲು ಏನಿದೆ. ಬೆಳಕು ಫೋಟೋದಲ್ಲಿ ಇದ್ದಷ್ಟೇ ಇದೆ. ಲಿಫ್ಟಿನಲ್ಲಿ ಸಿಕ್ಕವರು ನಗುತ್ತಾರೆ, ನಾನೂ ನಗುತ್ತೇನೆ. ಅಲ್ಲಿಗೆ ಭಾಷೆ ಮುಗಿಯುತ್ತದೆ. ಎದುರು ಮನೆ ಮುದುಕನೊಬ್ಬ ದಿನಾ ಒಂದೇ ಹೊತ್ತಿಗೆ ನಾಯಿ ಕರೆದುಕೊಂಡು ಇಳಿಯುತ್ತಾನೆ. ನಾನೂ ಆ ಹೊತ್ತಿಗೆ ಕಸದ ಚೀಲ ಹಿಡಿದು ಇಳಿಯುತ್ತೇನೆ, ಕಸ ಇಲ್ಲದಿದ್ದರೂ.

ಈ ಜನವರಿಯಿಂದ ಡಿಸೆಂಬರಿನವರೆಗೆ ನನಗೆ ಬಿಟ್ಟಿದ್ದ ವಾರಗಳನ್ನೆಲ್ಲ ಕಳೆದ ತಿಂಗಳೇ ಊರಿನಲ್ಲಿ ಓರಗಿತ್ತಿ ಜೊತೆ ಕಳೆದು ಬಂದೆ. ಎರಡು ದಿನ ನೆಂಟರ ಹಾಗಿದ್ದೆವು. ಮೂರನೆಯ ದಿನ ದಿಂಬಿನ ಅಳತೆಗೆ ಜಗಳವಾಯಿತು. ಆಮೇಲೆ ಸರಿಹೋಯಿತು.

ಅಳಿಯಂದಿರಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಹಳೆಯ ಕಡೆಯವರೇ ಮತ್ತೆ ಕರೆದಿದ್ದಾರೆ, ಅದೇ ಕಾಂಟ್ರಾಕ್ಟು. ಮುಂದಿನ ವಾರ ಹೊರಡುತ್ತಾರೆ. ಹೇಳುವಾಗ ಗೋಡೆ ನೋಡುತ್ತಿದ್ದರು.

ಜುಲೈ 3

ಮೊಮ್ಮಗಳಿಗೆ ರಜೆ. ಮಗಳು ಅವಳನ್ನು ಕರೆದುಕೊಂಡು ಊರಿಗೆ, ಅವಳಪ್ಪನ ಹತ್ತಿರ ಹೋದಳು. ಬರುವ ತಿಂಗಳು ವಾಪಸು. ಫ್ರಿಜ್ಜು ತುಂಬಿಸಿಟ್ಟಿದ್ದಾಳೆ. ಅಮ್ಮ, ಯಾರಾದ್ರೂ ಚೆಕ್ ಮಾಡೋಕೆ ಬಂದ್ರೆ ಬಾಗಿಲು ತೆಗೆದು ಕಾರ್ಡು ತೋರಿಸು, ಅಷ್ಟೇ ಎಂದು ಎರಡು ಸಲ ಹೇಳಿದಳು.

ಜುಲೈ 24, ಗುರುವಾರ. ಬೆಳಿಗ್ಗೆ

ಫೋನು. ಮಗಳು. ಹಿಂದೆ ಗಲಾಟೆಯೋ ಗಲಾಟೆ, ಮೊಮ್ಮಗಳ ಕೇಕೆ. ಎಲ್ಲಿದ್ದೀರಿ ಎಂದರೆ ಚಿಕ್ಕಮ್ಮನ ಮನೆಯಲ್ಲೇ, ಬಂದಾಗಿನಿಂದ ಇಲ್ಲೇ ಎಂದಳು. ಎರಡು ಕೋಣೆಯಲ್ಲಿ ಅಷ್ಟು ಜನ. ಹೊಸ ಹಾಸಿಗೆ ತುಂಬಿ ಕೊಟ್ಟಿದ್ದಾಳಂತೆ ಓರಗಿತ್ತಿ. ನನಗೆ ಹೊಟ್ಟೆಕಿಚ್ಚಾಯಿತು. ಮಗಳ ಮೇಲೆ. ಹೀಗೂ ಆಗುತ್ತದೆ.

ಆಮೇಲೆ ಮೆಲ್ಲಗೆ ಹೇಳಿದಳು. ಈ ವರ್ಷ ಮಗುವನ್ನು ಊರಿನ ಶಾಲೆಗೇ ಸೇರಿಸೋಣವೆಂದಿದ್ದಾರೆ. ಇಲ್ಲಿ ಅವಳಿಗೆ ಒಬ್ಬ ಸ್ನೇಹಿತೆಯೂ ಆಗಲಿಲ್ಲ. ನೀನು ಅಲ್ಲಿದ್ದೀಯಲ್ಲ ಅಮ್ಮ, ಕಾರ್ಡಿಗೇನೂ ತೊಂದರೆ ಇಲ್ಲ.

"ಆ ಕಾರ್ಡು ನಿಮಗೆ ಬೇಕಾ?" ಎಂದು ಕೇಳಿದೆ.

"ಬೇಕಮ್ಮ. ಈಗಲ್ಲ. ಇವಳು ದೊಡ್ಡವಳಾದ ಮೇಲೆ, ಒಂದಿನ."

ಚಿಕ್ಕಮ್ಮನಿಗೆ ಕೊಡು ಎಂದೆ. ಓರಗಿತ್ತಿ ಬಂದಳು. ಬಾ ಎನ್ನಲಿಲ್ಲ. ಎಂದರೆ ಹೊರಟುಬಿಡುತ್ತೇನೆ ಎಂದು ಅವಳಿಗೆ ಗೊತ್ತು. ಫೋನಿಡುವ ಮುಂಚೆ, ಇಲ್ಲಿ ನಿನ್ನ ಜಾಗ ಯಾರಿಗೂ ಕೊಟ್ಟಿಲ್ಲ ಅಕ್ಕ ಎಂದಳು.

ಮಧ್ಯಾಹ್ನ

ಕೆಳಗೆ ಬೀದಿ ಕೊನೆಯ ಟಿಕೆಟ್ ಆಫೀಸಿಗೆ ಹೋಗಿದ್ದೆ. ಭಾನುವಾರದ ವಿಮಾನದಲ್ಲಿ ಜಾಗ ಇದೆ. ಸಂಜೆಯವರೆಗೆ ಹಿಡಿದಿಡುತ್ತೇನೆ ಎಂದು ಹುಡುಗಿ ಕೈಸನ್ನೆ ಮಾಡಿ ಹೇಳಿದಳು. ವರ್ಷದ ವಾರಗಳು ಆಗಲೇ ಮುಗಿದಿವೆ, ಹೋದರೆ ನಾಲ್ವರ ಕಾರ್ಡೂ ರದ್ದು. ಮೊಮ್ಮಗಳ ಆ ಒಂದಿನವೂ ರದ್ದು. ಮಗಳು ಬೈಯುವುದಿಲ್ಲ. ಅದೇ ಕಷ್ಟ.

ಬೆಲ್ ಆಯಿತು.

ಬಾಗಿಲ ಕಣ್ಣಿನಿಂದ ನೋಡಿ ಬಂದೆ. ನೀಲಿ ಕೋಟಿನ ಹೆಂಗಸು, ಕೈಯಲ್ಲಿ ಫೈಲು. ವಾಸ ಇದ್ದಾರೆಯೇ ಎಂದು ನೋಡುವವರು. ನಾನು ಉಸಿರಾಡುವ ಸದ್ದೂ ಮಾಡಿಲ್ಲ. ಎರಡನೆಯ ಸಲ ಒತ್ತಿದಳು. ಮೂರು ಸಲ ಒತ್ತಿ, ಇಲ್ಲ ಎಂದು ಬರೆದುಕೊಂಡು ಹೋಗುತ್ತಾರಂತೆ, ಅಲ್ಲಿಗೆ ಕಾರ್ಡು ರದ್ದು.

ತೆರೆದರೆ ಇನ್ನೂ ನಾಲ್ಕು ವರ್ಷ. ತೆರೆಯದೆ ಹೀಗೆಯೇ ಬರೆಯುತ್ತಾ ಕೂತರೆ...