ನಾಲ್ಕು ಮೊಳ ತಾಮ್ರದ ತಂತಿ

ಪ್ರೀತಿಯ ಮಾವ,

ಲಕೋಟೆಯೊಳಗೆ ಕಪ್ಪು ಟೇಪು ಸುತ್ತಿದ ಒಂದು ತಂತಿ ಇದೆ. ಕಸ ಅಂದುಕೊಂಡು ಅತ್ತೆ ಬಿಸಾಡಿಯಾರು, ಮೊದಲು ಅದನ್ನು ತೆಗೆದಿಡಿ. ಒಂಬತ್ತು ವರ್ಷದಿಂದ ಅದನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟಿದ್ದೆ. ನಿಮ್ಮ ಅನ್ನಕ್ಕೆ ಕಲ್ಲು ಹಾಕಿದ್ದು ಈ ತಂತಿ. ಅಂದರೆ ನಾನು. ಸುತ್ತಿ ಬಳಸಿ ಹೇಳಲು ಹೋದರೆ ಮತ್ತೆ ಧೈರ್ಯ ಕೈಕೊಟ್ಟೀತು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆ ಕಾರ್ಖಾನೆಗೆ ನನ್ನನ್ನು ಸೇರಿಸಿದವರೇ ನೀವು. "ನನ್ನ ತಂಗಿ ಮಗಳು, ಓದಿಕೊಂಡಿದ್ದಾಳೆ, ಮೀಟರು ಗೀಟರು ಎಲ್ಲ ಅವಳೇ ನೋಡ್ಕೋತಾಳೆ" ಅಂತ ಮ್ಯಾನೇಜರ ಮುಂದೆ ಹೊಗಳಿದ್ದೇ ಹೊಗಳಿದ್ದು. ಗೇರುಗಳನ್ನು ಕಾಯಿಸಿ ಗಟ್ಟಿ ಮಾಡುವ ಕುಲುಮೆಯ ಮುಂದೆ ನಿಮ್ಮದು ಇಪ್ಪತ್ತಾರು ವರ್ಷ. ಬಾಗಿಲಿನ ಸಣ್ಣ ಕಿಂಡಿಯಲ್ಲಿ ಇಣುಕಿ, ಒಳಗಿನ ಬಣ್ಣ ನೋಡಿ, "ಎಂಟುನೂರ ನಲವತ್ತು, ಇನ್ನೊಂದು ಚೂರು ಬೇಕು" ಅನ್ನುತ್ತಿದ್ದಿರಿ. ಎಲ್ಲರೂ ನಿಮ್ಮನ್ನು ಕರೆಯುತ್ತಿದ್ದದ್ದೇ ಕಣ್ಣು ಮೇಸ್ತ್ರಿ ಅಂತ. ನನಗೆ ಒಳಗೊಳಗೇ ನಗು. ಕಣ್ಣಿನಲ್ಲಿ ಯಾರಾದರೂ ಡಿಗ್ರಿ ಅಳೆಯುತ್ತಾರೆಯೇ ಅಂತ.

ಆಮೇಲೆ ಹೊಸ ಡೇಟಾ ಲಾಗರ್ ಬಂತು. ಕುಲುಮೆಯೊಳಗಿನ ಶಾಖವನ್ನು ಕ್ಷಣಕ್ಷಣಕ್ಕೂ ಓದಿ ಗ್ರಾಫ್ ಬರೆಯುವ ಪೆಟ್ಟಿಗೆ. ಅದನ್ನು ಕೂರಿಸಿದ್ದು ನಾನು. ಕುಲುಮೆಯಿಂದ ತಣ್ಣನೆಯ ಕೋಣೆಯಲ್ಲಿದ್ದ ಆ ಪೆಟ್ಟಿಗೆಯವರೆಗೆ ಶಾಖ ಅಳೆಯುವ ಥರ್ಮೋಕಪಲ್ ತಂತಿ ಎಳೆದಾಗ ನಾಲ್ಕು ಮೊಳ ಕಡಿಮೆ ಬಿತ್ತು. ಆ ಜಾತಿಯ ತಂತಿ ಸ್ಟೋರಿನಲ್ಲಿ ಇರಲಿಲ್ಲ, ಬರಲು ಹದಿನೈದು ದಿನ ಅಂದರು. ಮ್ಯಾನೇಜರಿಗೆ ಮಾರನೆಯ ದಿನವೇ ಚಾಲೂ ಆಗಬೇಕು, ನನಗೆ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು. ದೀಪಕ್ಕೆ ಎಳೆಯುವ ತಾಮ್ರದ ತಂತಿ ತಂದು ಗಂಟು ಹಾಕಿ, ಟೇಪು ಸುತ್ತಿ, ಕುಲುಮೆಯ ಹಿಂಗೋಡೆಗೆ ಒತ್ತಿಕೊಂಡಿದ್ದ ತಗಡಿನ ಸಂದಿಯಲ್ಲಿ ತುರುಕಿದೆ. ಬೆಳಿಗ್ಗೆ ಕುಲುಮೆ ಹೊತ್ತಿಸುವ ಮುಂಚೆ ಪರೀಕ್ಷಿಸಿದೆ. ಎಲ್ಲವೂ ತಣ್ಣಗಿತ್ತು, ಅಂಕಿ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಸಹಿ ಹಾಕಿದೆ. ಬಿಸಿಯಾದ ಮೇಲೆ ಇನ್ನೊಂದು ಸಲ ನೋಡಬೇಕಿತ್ತು, ನೋಡಲಿಲ್ಲ.

ಅದೇ ದಿನ ಮಧ್ಯಾಹ್ನ ನೀವು ಕಿಂಡಿಯಿಂದ ಮುಖ ತೆಗೆದು ಹೇಳಿದಿರಿ, "ಪುಟ್ಟಿ, ಇದು ಎಂಟುನೂರ ಐವತ್ತಲ್ಲ ಕಣಮ್ಮಾ. ಕೆಂಪು ಹೋಗಿ ಕಿತ್ತಳೆಗೆ ತಿರುಗಿದೆ. ನಲವತ್ತು ಜಾಸ್ತಿ ಓಡ್ತಿದೆ." ನಾನು ಏನಂದೆ ನೆನಪಿದೆಯಾ? ಎಲ್ಲ ಕೆಲಸಗಾರರ ಎದುರು, "ಮಾವ, ನಿಮ್ಮ ಕಣ್ಣಿಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದೆಯಾ?" ಅಂದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಥೂ, ಆ ನಗು ಈಗಲೂ ಕಿವಿಯಲ್ಲಿದೆ.

ನೀವು ಮಾತ್ರ ಮಾಲು ಕೆಡಲು ಬಿಡಲಿಲ್ಲ. ನಿಮ್ಮಷ್ಟಕ್ಕೆ ನೀವೇ ಗುಂಡಿ ತಿರುಗಿಸಿ ನಲವತ್ತು ಇಳಿಸಿದಿರಿ. ಆ ಇಡೀ ಲೋಡಿನ ಗ್ರಾಫ್ ಎಂಟುನೂರ ಹತ್ತರಲ್ಲಿ ಮಲಗಿತು. ಕೊಳ್ಳುವವರ ಕಡೆಯವನು ಗೇರನ್ನು ಕೈಯಲ್ಲೂ ಹಿಡಿಯಲಿಲ್ಲ, ಕಾಗದ ನೋಡಿಯೇ ಎಲ್ಲ ವಾಪಸ್ ಕಳಿಸಿದ. ನಮ್ಮವರು ಅಳೆದು ನೋಡಿದಾಗ ಗೇರುಗಳ ಗಟ್ಟಿತನ ಎಷ್ಟಿರಬೇಕೋ ಅಷ್ಟೇ ಇತ್ತು. ಅಷ್ಟು ಕಡಿಮೆ ಶಾಖದಲ್ಲಿ ಹಾಗೆ ಗಟ್ಟಿಯಾಗಲು ಸಾಧ್ಯವೇ ಇಲ್ಲ ಅಂತ ಅಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅದು ನನಗೆ. ನಾನು ಅದೃಷ್ಟ ಅಂದುಕೊಂಡು ಸುಮ್ಮನಾದೆ.

ವಿಚಾರಣೆಯ ದಿನ ಮ್ಯಾನೇಜರು ನನ್ನ ಕಡೆ ತಿರುಗಿ, "ಮೀಟರ್ ಸರಿ ಇದೆಯೇನಮ್ಮಾ?" ಅಂತ ಕೇಳಿದರು. ತಂತಿಯ ಗಂಟು ಒಂದು ಗಳಿಗೆ ಕಣ್ಣ ಮುಂದೆ ಬಂತು, ಮಾವ. ಸುಳ್ಳು ಹೇಳುವುದಿಲ್ಲ, ಬಂತು. ಬಾಯಲ್ಲಿ ಬಂದದ್ದು ಮಾತ್ರ "ಸರಿ ಇದೆ ಸಾರ್." ಆಗ ನೀವು ನನ್ನನ್ನೇ ನೋಡಿದಿರಿ. ಸಿಟ್ಟಿಲ್ಲ, ಏನಿಲ್ಲ. "ಪುಟ್ಟಿ ಹೇಳಿದ ಮೇಲೆ ಸರಿ ಇರಬೇಕು ಬಿಡಿ. ನನ್ನ ಕಣ್ಣೇ ಮಂಜಾಗಿರಬೇಕು" ಅಂದಿರಿ. ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಬಿಟ್ಟಿರಿ.

ಸರಿಯಾದ ತಂತಿ ಬಂದದ್ದು ನೀವು ಕೆಲಸ ಬಿಟ್ಟು ಹೋಗಿ ಮೂರು ವಾರಕ್ಕೆ. ಗಂಟು ಬಿಚ್ಚಲು ಹೋದರೆ ಕೈ ಚುರ್ರೆಂದಿತು. ಅಲ್ಲೇ ಅರ್ಥವಾಯಿತು. ಎರಡು ಬೇರೆ ಬೇರೆ ಲೋಹದ ಎಳೆ ಕುಲುಮೆಯಿಂದ ಪೆಟ್ಟಿಗೆಯವರೆಗೂ ಹಾಗೇ ಬರಬೇಕು. ನಡುವೆ ತಾಮ್ರ ಸೇರಿಸಿದರೆ ಆ ಗಂಟಿಗೂ ಪೆಟ್ಟಿಗೆಗೂ ಇರುವ ಶಾಖದ ಅಂತರ ಲೆಕ್ಕಕ್ಕೇ ಬರುವುದಿಲ್ಲ. ಗಂಟಿನ ಹತ್ತಿರ ಅರವತ್ತೈದು, ಪೆಟ್ಟಿಗೆಯ ಕೋಣೆಯಲ್ಲಿ ಇಪ್ಪತ್ತೈದು. ನುಂಗಿಹೋದದ್ದು ಸರಿಯಾಗಿ ನಲವತ್ತು. ನೀವು ಹೇಳಿದ ನಲವತ್ತು, ಮಾವ, ಒಂದು ಡಿಗ್ರಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆ ಮೂರು ವಾರ ಪರದೆಯ ಮಾತು ಕೇಳಿ ಕಾಯಿಸಿದ ಗೇರುಗಳಲ್ಲಿ ಎಷ್ಟೋ ಬಿರುಕು ಬಿಟ್ಟಿದ್ದವು, ಅದನ್ನು ಉಕ್ಕಿನ ತಪ್ಪು ಅಂತ ಬರೆದರು. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ತಂತಿ ಬದಲಾಯಿಸಿ, ಹಳೆಯದನ್ನು ಚೀಲಕ್ಕೆ ತುರುಕಿ ಮನೆಗೆ ಬಂದೆ. ಮುಂದಿನ ವರ್ಷ ನನಗೆ ಬಡ್ತಿ ಬಂತು. ನೀವು ಫೋನ್ ಮಾಡಿ, "ಭೇಷ್ ತಂತಿರಾಣಿ" ಅಂದಿರಿ.

ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮಾವ ಹೇಗೂ ಸುಸ್ತಾಗಿದ್ದರು, ಈಗ ಮೊಮ್ಮಗಳ ಜೊತೆ ಆರಾಮಾಗಿದ್ದಾರೆ ಅಂತ. ಹೋದ ಗುರುವಾರ ಬಟ್ಟೆ ಅಂಗಡಿಯಲ್ಲಿ ಆ ಸಮಾಧಾನ ಬೂದಿಯಾಯಿತು. ಮೊಮ್ಮಗಳ ಫ್ರಾಕಿಗೆ ಬಟ್ಟೆ ಆರಿಸುತ್ತಾ ಒಂದನ್ನು ಎತ್ತಿ, "ಈ ಕಿತ್ತಳೆ ಚೆನ್ನಾಗಿದೆ" ಅಂದಿರಿ. ಅಂಗಡಿಯ ಹುಡುಗಿ ಫೋನು ನೋಡುತ್ತಲೇ, "ಅದು ಕೆಂಪು ತಾತ" ಅಂದಳು. ನೀವು ತಕ್ಷಣ ಬಟ್ಟೆ ಕೆಳಗಿಟ್ಟಿರಿ. "ಹೌದಾ? ನನಗೆ ಬಣ್ಣ ಗೊತ್ತಾಗಲ್ಲಮ್ಮ, ಕಣ್ಣು ಕೈಕೊಟ್ಟು ಒಂಬತ್ತು ವರ್ಷ ಆಯ್ತು" ಅಂದಿರಿ. ಆಮೇಲೆ ನನಗೆ ತಮಾಷೆಯಾಗಿ, ಮೂರು ಜನ ಕಣ್ಣಿನ ಡಾಕ್ಟರಿಗೆ ತೋರಿಸಿದೆ, ಮೂವರೂ ಏನೂ ಆಗಿಲ್ಲ ಅಂತಾರೆ, ನನ್ನ ಕಾಯಿಲೆ ಹಿಡಿಯೋ ಡಾಕ್ಟರು ಇನ್ನೂ ಹುಟ್ಟಿಲ್ಲ ಅಂದಿರಿ. ಸ್ಕೂಟರ್ ಕೂಡ ಬಿಟ್ಟುಬಿಟ್ಟಿದ್ದೀರಂತೆ, ಸಿಗ್ನಲ್ಲಿನ ದೀಪ ನಂಬುವುದು ಹೇಗೆ ಅಂತ.

ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ನಿಮ್ಮ ಕೆಲಸ ಕಸಿದೆ ಅಂತಷ್ಟೇ ಅಂದುಕೊಂಡಿದ್ದೆ ಮಾವ. ನಿಮ್ಮ ಕಣ್ಣನ್ನೇ ಕಸಿದಿದ್ದೇನೆ ಅಂತ ಆವತ್ತೇ ತಿಳಿದದ್ದು. ಮನೆಗೆ ಬಂದು ಕನ್ನಡಿ ನೋಡಲೂ ಆಗಲಿಲ್ಲ. ಇಷ್ಟು ಹೇಸಿಗೆ ನನ್ನ ಮೇಲೆ ನನಗೆ ಯಾವತ್ತೂ ಆಗಿರಲಿಲ್ಲ.

ಇದನ್ನೆಲ್ಲ ಕಂಪನಿಗೂ ಬರೆದು, ಸಹಿ ಹಾಕಿ, ಇವತ್ತು ಬೆಳಿಗ್ಗೆ ಕೊಟ್ಟು ಬಂದಿದ್ದೇನೆ. ನನ್ನನ್ನು ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ, ಅದು ಅವರಿಗೆ ಬಿಟ್ಟದ್ದು. ಅಮ್ಮನಿಗೂ ಹೇಳಿದೆ. ಅವಳು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ನೀವು ಕ್ಷಮಿಸಬೇಕು ಅಂತ ಕೇಳುವುದಿಲ್ಲ, ನೀವು ಕ್ಷಮಿಸಿಬಿಡುತ್ತೀರಿ ಅನ್ನುವ ಭಯವೇ ನನಗೆ ಜಾಸ್ತಿ. ಒಂದೇ ಒಂದು ಕೇಳುತ್ತೇನೆ. ಮತ್ತೆ ಆ ಅಂಗಡಿಗೆ ಹೋಗಿ. ಯಾರನ್ನೂ ಏನೂ ಕೇಳಬೇಡಿ.

ಅದು ಕಿತ್ತಳೆಯೇ ಮಾವ. ನಾನೂ ನೋಡಿದೆ.

ನಿಮ್ಮ ಕಣ್ಣು ನೂರು ಕಾಲ ತಂಪಾಗಿರಲಿ. ನಿಮ್ಮ ಮುಖ ನೋಡುವ ಯೋಗ್ಯತೆ ಬಂದ ದಿನ ಬಾಗಿಲು ತಟ್ಟುತ್ತೇನೆ, ಅಲ್ಲಿಯವರೆಗೆ ದೂರದಿಂದಲೇ ಕಾಲಿಗೆ ಬೀಳುತ್ತೇನೆ.

ಇಂತಿ,
ನಿಮ್ಮ ತಲೆ ತಗ್ಗಿಸಿದ
ಪುಟ್ಟಿ