ಅತಿ ಹೆಚ್ಚು ಬಾರಿ ನೋಡಿದ ಪಾಠ

ಬಸವನಗುಡಿ
8 ಫೆಬ್ರುವರಿ 2025

ಪ್ರೀತಿಯ ಯಶೋಧರಾ,

ಬೆಳಗಾದರೆ ವಿಭಾಗದಲ್ಲಿ ಎದುರಾಗುವವಳಿಗೆ ಕಾಗದವೇಕೆ ಎಂದು ನಗಬೇಡ. ಎದುರಿಗೆ ನಿಂತರೆ ನೀನು ಬ್ಲೆಂಡೆಡ್ ಲರ್ನಿಂಗ್ ಸಮಿತಿಯ ಸಂಚಾಲಕಿ, ನಾನು ಅರ್ಥಶಾಸ್ತ್ರದ ಮೇಡಂ. ಕಾಗದದಲ್ಲಾದರೆ ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟಿಗೆ ಜಗಳವಾಡಿದವರು.

ನನ್ನ ಹಣದುಬ್ಬರದ ವೀಡಿಯೊ ಪಾಠವನ್ನೇ ಇಡೀ ವಿಶ್ವವಿದ್ಯಾಲಯದಲ್ಲಿ ಅತಿ ಹೆಚ್ಚು ಬಾರಿ ನೋಡಿದ್ದಾರೆಂದು ನಿನ್ನೆ ನೀನು ಸಂಭ್ರಮದಿಂದ ಹೇಳಿದೆ. ಸಮಿತಿಯ ವರದಿಯಲ್ಲಿ ಅದೇ ಮಾದರಿಯಂತೆ. ಹೊಸ ಸ್ಟುಡಿಯೋದಲ್ಲಿ ಅದನ್ನು ಚೊಕ್ಕವಾಗಿ ಮತ್ತೆ ರೆಕಾರ್ಡ್ ಮಾಡಬೇಕಂತೆ. ಮನೆಗಲಾಟೆ ತುಂಬಿದ ಹಳೆಯದನ್ನು ಸೋಮವಾರ ಅಳಿಸುತ್ತೀರಂತೆ. ನಾನು ತಲೆಯಾಡಿಸಿ ಬಂದೆ. ಅಳಿಸಬೇಡ ಕಣೇ. ಅದನ್ನು ಹೇಳಲೆಂದೇ ಈ ಕಾಗದ.

ಮೊದಲು ನೀನು ಕೇಳಿದ ಅಭಿಪ್ರಾಯ. ಅರ್ಧ ಪಾಠ ವೀಡಿಯೊದಲ್ಲಿ, ಅರ್ಧ ತರಗತಿಯಲ್ಲಿ ಎನ್ನುವ ಈ ಪದ್ಧತಿಯ ಮೇಲೆ ನನಗೆ ದ್ವೇಷವಿಲ್ಲ. ನೆಲಮಂಗಲದಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿಗೆ ತಪ್ಪಿದ ಪಾಠ ಮನೆಯಲ್ಲೇ ಸಿಗುತ್ತದೆ, ಒಳ್ಳೆಯದೇ. ಆದರೆ ಶುರುವಿನಲ್ಲಿ ನಾವು ಕೇಳಿದ್ದು ಸದ್ದಿಲ್ಲದ ಒಂದು ಕೋಣೆ, ಒಂದು ಮೈಕು. ಬಂದದ್ದು, ನೀವೇ ಎಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಿ ಎಂಬ ಸುತ್ತೋಲೆ. ಗೌರೀಶ್ ಸರ್ ಕಾರಿನ ಗಾಜು ಏರಿಸಿಕೊಂಡು, ಒಳಗೆ ಬೆವರುತ್ತಾ ಬ್ಯಾಂಕಿಂಗ್ ಪಾಠ ಮಾಡಿದರು. ನಾನು ಊಟದ ಮೇಜಿನ ಮುಂದೆ ಕೂತೆ. ಆಗ ಏನೂ ಕೊಡದವರು ಈಗ ಗಲಾಟೆ ಯಾಕೆ ಎಂದು ನಮ್ಮನ್ನೇ ಕೇಳಿದರೆ ಸಿಟ್ಟು ಬರುವುದಿಲ್ಲವೇ? ನನಗಂತೂ ಬಂತು.

ಆ ಗಲಾಟೆ ನಮ್ಮ ಅತ್ತೆಯದು. ನಾನು ಬೆಲೆಯೇರಿಕೆ ಎನ್ನುತ್ತಿದ್ದಂತೆ ಅಡುಗೆಮನೆಯಿಂದ, "ಗಾಂಧಿಬಜಾರಲ್ಲಿ ಅವರೆಕಾಯಿ ರೇಟ್ ಎಷ್ಟು ಅಂತ ಹೇಳೇ ಆ ಮಕ್ಕಳಿಗೆ, ತಾನಾಗೇ ಗೊತ್ತಾಗತ್ತೆ" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಬಾಗಿಲ ಸದ್ದು. ತಮ್ಮ ಮಗ ಆಫೀಸಿನಿಂದ ಬಂದನೆಂದುಕೊಂಡು, "ರಾಘವ ಬಂದ್ನೇನೇ? ಕೈಕಾಲು ತೊಳ್ಕೊಳಕ್ಕೆ ಹೇಳು, ತಟ್ಟೆ ಹಾಕ್ತೀನಿ" ಎಂದು ಕೂಗುತ್ತಾರೆ. ಬಂದಿದ್ದವರು ಪಕ್ಕದ ಮನೆಯವರು. ನಾನು ಪಾಠದ ಮಧ್ಯೆ ಇದ್ದೆ, ಉತ್ತರ ಕೊಡಲಿಲ್ಲ.

ಕಳೆದ ಶ್ರಾವಣದಲ್ಲಿ ಅತ್ತೆ ತೀರಿಕೊಂಡಾಗ ನೀನೂ ಬಂದಿದ್ದೆ. ಅವರ ಫೋಟೋಗಳು ಬೇಕಾದಷ್ಟಿವೆ. ವೀಡಿಯೊ ತೆಗೆಯಲು ಹೋದರೆ ಮಾತ್ರ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದರು. ದನಿ ಉಳಿದಿರುವುದು ಈ ಪಾಠದಲ್ಲಿ ಮಾತ್ರ. ಇದು ನೇರವಾಗಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲೇ ರೆಕಾರ್ಡ್ ಆದದ್ದು. ಅಲ್ಲಿ ನೋಡಬಹುದು, ಇಳಿಸಿಕೊಳ್ಳುವಂತಿಲ್ಲ. ಸ್ಟುಡಿಯೋದಲ್ಲಿ ಎಷ್ಟು ಸಲ ಬೇಕಾದರೂ ಪಾಠ ಮಾಡುತ್ತೇನೆ. ಅಳಿಸಲೇಬೇಕೆಂದಿದ್ದರೆ ಸೋಮವಾರದೊಳಗೆ ಹಳೆಯದರ ಒಂದು ಪ್ರತಿ ತೆಗೆಸಿಕೊಡು, ನಿನ್ನನ್ನು ಬೇರೇನೂ ಕೇಳುವುದಿಲ್ಲ.

ನಿನ್ನ ಅದೇ ಬಕೆಟ್ಟಿನ ಪಾಲುದಾರಳು,
ಆರಾಧನಾ

ತಾ.ಕ.: ಬಚ್ಚಿಡಬೇಕೆಂದಿದ್ದೆ, ಆಗುತ್ತಿಲ್ಲ. ನನ್ನ ಪಾಠವನ್ನು ವರದಿಯಿಂದ ತೆಗೆದುಬಿಡು. ಅಷ್ಟು ಸಲ ನೋಡಿದವರು ವಿದ್ಯಾರ್ಥಿಗಳಲ್ಲ. ಯಾರು ನೋಡಿದ್ದಾರೆಂದು ಸಮಿತಿ ಒಮ್ಮೆ ಇಣುಕಿದ್ದರೆ ಬರೀ ನನ್ನ ಹೆಸರೇ ಸಿಗುತ್ತಿತ್ತು. ನನ್ನ ಲಾಗಿನ್‌ನಲ್ಲಿ ನೋಡುವವನು ರಾಘವ. ಸಂಜೆ ಆಫೀಸಿನಿಂದ ಬಂದವನೇ ಹೆಗಲ ಬ್ಯಾಗನ್ನೂ ಇಳಿಸದೆ ಲ್ಯಾಪ್‌ಟಾಪ್ ತೆರೆಯುತ್ತಾನೆ. ಹಣದುಬ್ಬರ ಎಂದರೇನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ಕೂಗುವ ಆ ಜಾಗ ಬಂದಾಗ "ಬಂದೆ ಕಣಮ್ಮಾ" ಎಂದು ಹೇಳಿ, ಕೈಕಾಲು ತೊಳೆಯಲು ಹೋಗುತ್ತಾನೆ.