ನನ್ನ ಗಂಡ ನಡೆಯುತ್ತಾರೆ ಎಂಬ ಆಕ್ಷೇಪಣೆಗೆ ಉತ್ತರ

ಮಾನ್ಯ ಪೂರ್ವಾನುಮತಿ ಅಧಿಕಾರಿಗಳೇ,

ನನ್ನ ಗಂಡ ನಡೆಯುತ್ತಾರೆ. ಅಪರಾಧವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವರ ಕಾಲಿನ ಗಾಯಕ್ಕೆ ಬೇಕಾದ ಒಂದು ಪುಟ್ಟ ಉಪಕರಣವನ್ನು ಆರೋಗ್ಯ ಯೋಜನೆಯಡಿ ಕೊಡಿಸಿ ಎಂದು ಮೂಡುಬಿದಿರೆಯ ಆಸ್ಪತ್ರೆಯವರು ತಮಗೆ ಅರ್ಜಿ ಕಳಿಸಿದ್ದರು. ತಾವು ಅದನ್ನು ತಿರಸ್ಕರಿಸಿ ಕೆಳಗೆ ಒಂದು ಸಾಲು ದಯಪಾಲಿಸಿದ್ದೀರಿ: "ಭಾವಚಿತ್ರದಲ್ಲಿ ರೋಗಿಯು ನಿಂತಿರುವುದು ಕಂಡುಬಂದಿದ್ದು, ಸದರಿ ಚಿಕಿತ್ಸೆಯ ಅಗತ್ಯವಿರುವುದಿಲ್ಲ." ನಾನು ಲಾಯಿಲದಲ್ಲಿ ಮೂವತ್ತೊಂದು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. 'ಸದರಿ' ಎಂಬ ಶಬ್ದ ಕಂಡರೆ ನನಗೆ ತವರಿನವರನ್ನು ಕಂಡಷ್ಟು ಸಂತೋಷ. ಆದರೂ ಈ ಸಾಲನ್ನು ಮೊದಲ ಸಲ ಓದಿದಾಗ ನಗು ಬಂತು, ಎರಡನೇ ಸಲ ಸಿಟ್ಟು ಬಂತು. ನಗು ಹೋಯಿತು, ಸಿಟ್ಟು ಹೋಗಲಿಲ್ಲ, ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಗಂಡನ ಹೆಸರು ರುಕ್ಮಯ್ಯ. ನಲುವತ್ತು ವರ್ಷದಿಂದ ರಬ್ಬರ್ ಟ್ಯಾಪಿಂಗ್ ಕೆಲಸ. ತಿಂಗಳ ಹಿಂದಿನ ಗಾಳಿಗೆ ಮರದ ಒಂದು ಗೆಲ್ಲು ಮುರಿದು ಅವರ ಎಡ ಮೊಣಕಾಲಿನ ಕೆಳಗೆ ತಾಗಿತು. ಸಕ್ಕರೆ ಕಾಯಿಲೆಯ ಶರೀರ. "ಸಣ್ಣ ಗೀರು ಮಾರಾಯ್ತಿ" ಎಂದು ಅರಸಿನ ಹಚ್ಚಿಕೊಂಡು ವಾರ ಕಳೆದರು. ಗೀರು ಅಂಗೈ ಅಗಲದ ಹುಣ್ಣಾಯಿತು, ಜ್ವರ ಬಂತು. ಸರ್ಜನ್ ಡಾ. ನಿಝಾಮ್ ಕೊಳೆತ ಭಾಗವನ್ನೆಲ್ಲ ತೆಗೆದು ಶುಚಿ ಮಾಡಿ ಹೇಳಿದರು: "ಇನ್ನೆರಡು ದಿನ ತಡ ಮಾಡಿದ್ದರೆ ನಾನು ಬೇರೆ ಮಾತು ಆಡಬೇಕಿತ್ತು." ಯಾವ ಮಾತು ಎಂದು ನಾನು ಕೇಳಲಿಲ್ಲ. ಅವರ ಕಣ್ಣು ಕಾಲಿನ ಮೇಲೆ ಇತ್ತು, ಅಷ್ಟು ಸಾಕಾಯಿತು.

ಆಮೇಲೆ ಎರಡು ವಾರ ದೊಡ್ಡ ಯಂತ್ರ. ಗಾಯದೊಳಗೆ ಸ್ಪಂಜು, ಮೇಲೆ ಪ್ಲಾಸ್ಟಿಕ್ ಹಾಳೆ, ಅದರಿಂದ ಒಂದು ಪೈಪು, ಪೈಪಿನ ತುದಿಯಲ್ಲಿ ಗುರುಗುಟ್ಟುವ ಪೆಟ್ಟಿಗೆ, ಪೆಟ್ಟಿಗೆಯಿಂದ ಗೋಡೆಗೆ ವಯರು. ಅದು ಗಾಯದ ರಸವನ್ನು ಮೆಲ್ಲ ಹೀರಿ ತೆಗೆಯುತ್ತದೆ, ಬಾವು ಇಳಿಸುತ್ತದೆ, ಅಂಚುಗಳನ್ನು ಹತ್ತಿರಕ್ಕೆ ತರುತ್ತದೆ. ಒಳ್ಳೆಯ ಯಂತ್ರವೇ, ದೂರು ಹೇಳಿದರೆ ನಾಲಿಗೆ ಬಿದ್ದೀತು. ಆದರೆ ಸೂರ್ಯ ಹುಟ್ಟುವ ಮೊದಲೇ ಮುನ್ನೂರು ಮರ ಸುತ್ತುವ ಮನುಷ್ಯನಿಗೆ ಕಕ್ಕಸಿಗೆ ಹೋಗಲಿಕ್ಕೂ ಸಿಸ್ಟರನ್ನು ಕರೆಯಬೇಕಾಯಿತು. "ಎಮ್ಮೆಯನ್ನು ಗೂಟಕ್ಕೆ ಕಟ್ಟಿದ ಹಾಗೆ ನನ್ನನ್ನು ಗೋಡೆಗೆ ಕಟ್ಟಿದ್ದಾರೆ" ಎಂದರು ಮೊದಲ ವಾರ. ಎರಡನೇ ವಾರ ಊಟ ಅರ್ಧಕ್ಕೆ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಗಾಯ ಗುಣವಾಗುತ್ತಿತ್ತು, ಮನುಷ್ಯ ಬತ್ತುತ್ತಿದ್ದರು. ನನಗೆ ಹೆದರಿಕೆಯಾಗಿತ್ತು.

ಆಗ ಡಾಕ್ಟರು ಮೇಜಿನ ಖಾನೆಯಿಂದ ಒಂದು ಪುಟ್ಟ ಡಬ್ಬಿ ತೆಗೆದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಎರಡು ಬ್ಯಾಟರಿ ಸೆಲ್, ನೂಲಿನಷ್ಟು ಸಪೂರ ಅಲ್ಲದಿದ್ದರೂ ಬಳಪದಷ್ಟು ಸಪೂರದ ಪೈಪು. ಮಾದರಿಗೆಂದು ಅವರಲ್ಲಿಗೆ ಬಂದಿದ್ದ ಒಂದೇ ಒಂದು. ದೊಡ್ಡ ಯಂತ್ರದ್ದೇ ಕೆಲಸ, ಆದರೆ ರಸ ತುಂಬಿಸುವ ಪೆಟ್ಟಿಗೆ ಇಲ್ಲ. ಗಾಯದ ಮೇಲೆ ಅಂಟಿಸುವ ಪಟ್ಟಿಯೇ ರಸವನ್ನು ಹೀರಿಕೊಂಡು ಹೊರಮೈಯಿಂದ ಆವಿಯಾಗಿ ಹೊರಬಿಡುತ್ತದೆ. ಶಬ್ದ ಇಲ್ಲ, ವಯರು ಇಲ್ಲ. ಏಳು ದಿನ ಕೆಲಸ ಮಾಡಿ ತಾನಾಗಿ ನಿಲ್ಲುತ್ತದೆ, ಬಿಸಾಡಿ ಹೊಸತು ಹಾಕುವುದು. "ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಹೋಗಿ ರುಕ್ಮಯ್ಯಣ್ಣ" ಎಂದರು ಡಾಕ್ಟರು. ನಮ್ಮವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಇಷ್ಟೇ: "ಇದನ್ನು ಹಾಕಿಕೊಂಡು ಕಕ್ಕಸಿಗೆ ಹೋಗಬಹುದಾ?" ಹೋಗಬಹುದು ಎಂದಾಗ ಹದಿನಾಲ್ಕು ದಿನದ ಮೇಲೆ ಅವರು ನಕ್ಕದ್ದು ನೋಡಿದೆ.

ತಾವು ಕೇಳಬಹುದು, ಹಳ್ಳಿಯವರ ಕೈಗೆ ಯಂತ್ರ ಕೊಟ್ಟರೆ ಹಾಳು ಮಾಡುವುದಿಲ್ಲವೇ ಎಂದು. ಮಾಡುತ್ತೇವೆ ಸ್ವಾಮಿ, ಮಾಡಿಯೂ ಆಯಿತು, ಮುಚ್ಚಿಡುವುದಿಲ್ಲ. ರಬ್ಬರ್ ಮರಕ್ಕೆ ಕತ್ತಿ ಹಾಕುವ ಮೊದಲು ಹಿಂದಿನ ಗೀರಿನ ಮೇಲೆ ಒಣಗಿ ಅಂಟಿದ ಹಾಲಿನ ಎಳೆಯನ್ನು ಉಗುರಿನಿಂದ ಎಬ್ಬಿಸಿ ಸರ್ರನೆ ಎಳೆದು ತೆಗೆಯಬೇಕು. ಅದು ದಿನದ ಮೊದಲ ಕೆಲಸ, ಕೈಗೆ ತಲೆಯ ಅಪ್ಪಣೆ ಬೇಡ. ಮನೆಗೆ ಬಂದ ಮರುದಿನ ಬೆಳ್ಳಂಬೆಳಗ್ಗೆ ಎದ್ದು ಕುಳಿತ ನಮ್ಮವರು ಕಾಲಿನ ಪಟ್ಟಿಯ ಅಂಚು ಹೊಳೆಯುವುದನ್ನು ಕಂಡರು. ಉಗುರು ಹಾಕಿದರು, ಸರ್ರನೆ ಎಳೆದರು! ನಲುವತ್ತು ವರ್ಷದ ಅಭ್ಯಾಸ. ಡಬ್ಬಿಯಲ್ಲಿ ಹಳದಿ ದೀಪ ಮಿಣುಕತೊಡಗಿತು.

"ಅಯ್ಯೋ ದೇವರೇ, ಎಂತ ಮಾಡಿದಿರಿ?" ಎಂದೆ.

"ಎಂತ ಮಾಡುವುದು, ಕೈಗೆ ಮರ ಅಂತ ಕಂಡಿತು" ಎಂದರು, ಹಾಲು ಚೆಲ್ಲಿದ ಬೆಕ್ಕಿನ ಮುಖ ಮಾಡಿಕೊಂಡು.

ಆರೋಗ್ಯ ಕೇಂದ್ರದ ಸಿಸ್ಟರ್ ನವ್ಯಾ ಬಂದು ನೋಡಿದಳು. ಮೂಲೆ ಮಾತ್ರ ಎದ್ದಿತ್ತು, ಒಳಗಿನ ಗಾಯ ತೆರೆದಿರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿ ಕೇಳಿ, ಜೊತೆಗೆ ಕೊಟ್ಟಿದ್ದ ಅಂಟುಪಟ್ಟಿಯನ್ನು ಅಂಚಿಗೆ ಒತ್ತಿ ಗುಂಡಿ ಅದುಮಿದಳು. ಹಸಿರು ದೀಪ ಬಂತು. "ಅಣ್ಣ, ಮರದ ಗಾಯದ ಹಾಲು ಇಳಿಯಲಿಕ್ಕೆ ತೆಂಗಿನ ಗೆರಟೆ ಕಟ್ಟುತ್ತೀರಲ್ಲ, ಇದೂ ಹಾಗೆಯೇ. ಕಟ್ಟಿದ ಗೆರಟೆಯನ್ನು ಯಾರಾದರೂ ಬಿಚ್ಚಿದರೆ ನಿಮಗೆ ಹೇಗಾಗುತ್ತದೆ?" ಎಂದಳು. ಅಷ್ಟೇ ಮಾತು. ಅಂದಿನಿಂದ ಆ ಪಟ್ಟಿಯನ್ನು ನಾನು ಮುಟ್ಟಹೋದರೂ ಗದರುತ್ತಾರೆ. ಇದರಲ್ಲಿ ತಮ್ಮ ಕಚೇರಿಗೆ ಯಾವ ತೊಂದರೆಯಾಯಿತು, ಹೇಳಿ ನೋಡುವ.

ಈಗ ಆ ಭಾವಚಿತ್ರದ ವಿಷಯಕ್ಕೆ ಬರುತ್ತೇನೆ. ಎರಡನೆಯ ಡಬ್ಬಿಗೆ ಅರ್ಜಿ ಹಾಕುವಾಗ ರೋಗಿಯ ಫೋಟೊ ಬೇಕೆಂದರು. ನಮ್ಮವರು ಅಂಗಳದಲ್ಲಿ, ಕಿಸೆಯಲ್ಲಿ ಡಬ್ಬಿ ಇಟ್ಟುಕೊಂಡು, ತಲೆ ಬಾಚಿ ನೆಟ್ಟಗೆ ನಿಂತರು. ಅದನ್ನು ನೋಡಿ ತಾವು ಅಗತ್ಯವಿಲ್ಲ ಎಂದಿರಿ. ಕನ್ನಡಕ ಹಾಕಿ ಪೇಪರು ಓದುವವನನ್ನು ಕಂಡು, "ಕಣ್ಣು ಕಾಣುತ್ತದಲ್ಲ, ಕನ್ನಡಕ ಯಾಕೆ" ಎಂದು ಕಸಿದುಕೊಂಡ ಹಾಗಾಯಿತು. ನಿಂತದ್ದು ಆ ಡಬ್ಬಿಯಿಂದ, ಮಾನ್ಯರೇ! ಗೋಡೆಗೆ ಕಟ್ಟಿ ಹಾಕಿದರೆ ಅನುಮತಿ, ಮನೆಗೆ ಕಳಿಸಿದರೆ ಇಲ್ಲ. ತಮ್ಮ ನಿಯಮದ ಪ್ರಕಾರ ಗುಣವಾಗುವುದಿದ್ದರೆ ಮಂಚದ ಮೇಲೆಯೇ ಗುಣವಾಗಬೇಕು. ಆ ಮಂಚಕ್ಕಾಗಿ ಹೊರಗಿನ ಬೆಂಚಿನಲ್ಲಿ ಇನ್ನೊಬ್ಬ ರೋಗಿ ಕಾಯುತ್ತಾನೆ ಎಂಬುದು ನಮೂನೆಯ ಯಾವ ಕಾಲಮಿನಲ್ಲಿ ಉಂಟು?

ಎಲ್ಲ ಗಾಯಕ್ಕೂ ಇದೇ ಮದ್ದು ಎಂದು ನಾನು ಹೇಳುವುದಿಲ್ಲ. ರಸ ಹೆಚ್ಚು ಸುರಿಯುವ, ರಕ್ತ ಒಸರುವ, ಕೊಳೆ ಉಳಿದ ಗಾಯಕ್ಕೆ ಆಗುವುದಿಲ್ಲ, ಅದಕ್ಕೆ ದೊಡ್ಡದೇ ಬೇಕು ಎಂದು ಡಾಕ್ಟರೇ ಹೇಳಿದ್ದಾರೆ. ನಮ್ಮವರದ್ದು ಆ ಹಂತ ದಾಟಿ ಈಗ ಎರಡು ಬೆರಳಗಲಕ್ಕೆ ಬಂದಿದೆ, ಸುತ್ತ ಗುಲಾಬಿ ಬಣ್ಣದ ಚರ್ಮ ಏಳುತ್ತಿದೆ. ಇನ್ನೆರಡು ಡಬ್ಬಿ ಸಾಕಾಗಬಹುದಂತೆ. ಇಲ್ಲದಿದ್ದರೆ ಒಂದೋ ಪುನಃ ಗೋಡೆ, ಇಲ್ಲವೇ ದಿನಾ ಬಸ್ಸು ಹತ್ತಿ ಹೋಗಿ, ಅಂಟಿದ ಬಟ್ಟೆಯ ಜೊತೆ ನಿನ್ನೆ ಎದ್ದ ಚರ್ಮವನ್ನೂ ಕೀಳಿಸಿಕೊಂಡು ಬರುವುದು. ಸ್ವಂತ ಕೈಯಿಂದ ತರಿಸುವ ಶಕ್ತಿ ನಮಗಿಲ್ಲ, ಇದ್ದಿದ್ದರೆ ತಮ್ಮ ಪುರುಸೊತ್ತು ಹಾಳು ಮಾಡುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಯೋಜನೆಯ ಕೌಂಟರಿನಲ್ಲಿ ಕೂರುವ ಮನೀಷ್ ಪಾಪದ ಹುಡುಗ. ನಿನ್ನೆ ನಾವಿಬ್ಬರೂ ಹೋದಾಗ ನನ್ನನ್ನು ಬದಿಗೆ ಕರೆದು ಉಪಾಯ ಹೇಳಿದ: "ಅಮ್ಮ, ವಾರ್ಡಿನಲ್ಲಿ ಖಾಲಿ ಮಂಚ ಉಂಟು. ಐದು ನಿಮಿಷ ಮಲಗಿಸಿ ಫೋಟೊ ತೆಗೆಯುವ. ಪಾಸಾಗ್ತದೆ." ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಹೋಗಿ ಮಲಗಿದ್ದರು. ಹೇಳಿದ್ದನ್ನು ಕೇಳುವ ಜೀವ. ಮನೀಷ್ ಮೊಬೈಲು ಹಿಡಿದ. ಮಲಗಿದಲ್ಲಿಂದಲೇ ಅವರು ಕೇಳಿದರು: "ಕಣ್ಣು ಮುಚ್ಚಬೇಕಾ?"

ಮಾನ್ಯರೇ, ಕಣ್ಣು ಮುಚ್ಚಿ ಮಲಗಿದ ಮನುಷ್ಯನ ಫೋಟೊವನ್ನು ನಮ್ಮ ಕಡೆ ಯಾವಾಗ ತೆಗೆಯುತ್ತಾರೆಂದು ತಮಗೂ ಗೊತ್ತು. "ಏಳಿ ನೀವು, ಮೊದಲು ಏಳಿ" ಎಂದೆ. ಇಡೀ ವಾರ್ಡು ತಿರುಗಿ ನೋಡಿತು. ಒಂದು ಕಾಲದಲ್ಲಿ ನನ್ನ ಮೇಲ್ವಿಚಾರಕಿಯೊಬ್ಬರು ಅಂಗನವಾಡಿಯ ಮಕ್ಕಳ ತೂಕವನ್ನು ಸ್ವಲ್ಪ ಇಳಿಸಿ ಬರೆದರೆ ಹೆಚ್ಚು ಮೊಟ್ಟೆ ಬರುತ್ತದೆ ಎಂದಿದ್ದರು. ತಕ್ಕಡಿಯ ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲಿಗೇ ಬರೆದೆ. ಈಗ ಎದ್ದು ನಿಂತ ಗಂಡನನ್ನು ಮಲಗಿದ್ದಾರೆಂದು ಬರೆಯಲೇ?

ನನ್ನ ಬೇಡಿಕೆ ಸಣ್ಣದು. ಈ ಪುಟ್ಟ ಉಪಕರಣಕ್ಕೆ ಮಂಚದ ಷರತ್ತನ್ನು ತೆಗೆಯಿರಿ. ಗಾಯದ ಫೋಟೊ ಕೇಳಿ, ಡಾಕ್ಟರರ ಬರಹ ಕೇಳಿ, ಸಿಸ್ಟರಿನ ಸಹಿ ಕೇಳಿ, ಎಲ್ಲ ಕೊಡುತ್ತೇವೆ. ಈಗಿರುವ ಡಬ್ಬಿಗೆ ಇಂದಿಗೆ ಐದನೆಯ ದಿನ. ಏಳನೆಯ ದಿನ ಸಂಜೆಗೆ ಹಸಿರು ದೀಪ ಆರುತ್ತದೆ, ಅದಕ್ಕೆ ತಮ್ಮ ಅನುಮತಿ ಬೇಕಿಲ್ಲ. ಹೊಸ ಭಾವಚಿತ್ರ ಲಗತ್ತಿಸಿದ್ದೇನೆ. ಇದರಲ್ಲಿಯೂ ಅವರು ನಿಂತಿದ್ದಾರೆ, ಕಣ್ಣು ಬಿಟ್ಟುಕೊಂಡು, ತಮ್ಮನ್ನೇ ನೋಡುತ್ತಿದ್ದಾರೆ.

ಇಂತಿ,
ನಡೆದಾಡುವ ರೋಗಿಯ ಹೆಂಡತಿ, ಸದರಿ ಅಪರಾಧದಲ್ಲಿ ಪಾಲುದಾರಳು,
ಮೋಹಿನಿ
ಲಾಯಿಲ, ಬೆಳ್ತಂಗಡಿ